‘ಹಾಲ್ ಸಾಕಾತ್ತಾ?’ ಅಂತ ಕೇಳುವವರಿಗೂ, ಡಬ್ಬಿ ಬರೆದುಕೊಡುವವರಿಗೂ

ಬಾಣಂತಿ ನೋಡಲು ಹೋಗುವ ನಮ್ಮ ಕಡೆಯ ಹೆಂಗಸರು ಚಪ್ಪಲಿ ಕಳಚುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ. "ಶಿಶು ಸಪೂರ ಇತ್ತಲ್ದಾ, ಹಾಲ್ ಸಾಕಾತ್ತಾ?" ಕೇಳಿದವರಿಗೆ ಅದು ಕುಶಲೋಪರಿ. ಹೆರಿಗೆಯಾಗಿ ನಾಲ್ಕೇ ದಿನವಾದ, ಹೊಲಿಗೆ ನೋವಿನಲ್ಲಿ ಓರೆಯಾಗಿ ಕೂತ ಹುಡುಗಿಗೆ ಅದು ತೀರ್ಪು. ಆ ರಾತ್ರಿ ಮಗು ಅತ್ತಾಗಲೆಲ್ಲ ಅವಳ ಕಿವಿಯಲ್ಲಿ ಅದೇ ಮಾತು. ಮರುದಿನ ಬೆಳಿಗ್ಗೆ ಗಂಡನೋ ತಮ್ಮನೋ ಬೈಕ್ ತೆಗೆದು ಕೋಟೇಶ್ವರಕ್ಕೋ ತೆಕ್ಕಟ್ಟೆಗೋ ಹೋಗಿ ಮೆಡಿಕಲ್‌ನಿಂದ ಡಬ್ಬಿ ತರುತ್ತಾನೆ. ಹಾಲಿನ ಪುಡಿ ಕಂಪನಿಗೆ ಸಂಬಳ ಕೊಟ್ಟರೂ ಇಂಥ ಸೇಲ್ಸ್‌ಮನ್ ಸಿಗಲಿಕ್ಕಿಲ್ಲ.

ಡಬ್ಬಿ ಹಾಲು ವಿಷ ಅಂತ ಬರೆಯಲು ನಾನು ಕೂತಿಲ್ಲ. ನನ್ನ ಮಗಳೂ ಎದೆಹಾಲು, ಡಬ್ಬಿ ಹಾಲು ಎರಡನ್ನೂ ಕುಡಿದವಳೇ. ನನ್ನ ಜಗಳ ಬೇರೆ. ನಮ್ಮ ಊರುಗಳಲ್ಲಿ ಈಗ ಎರಡನೇ ದಿನಕ್ಕೇ ಡಬ್ಬಿ ಶುರುವಾಗುತ್ತದೆ. ಯಾಕೆ ಅಂತ ಯಾರೂ ಹೇಳುವುದಿಲ್ಲ, ಎಷ್ಟು ಅಂತ ಸರಿಯಾಗಿ ಅಳೆಯುವುದಿಲ್ಲ, ಯಾವತ್ತು ನಿಲ್ಲಿಸಬೇಕು ಅಂತ ಬರೆಯುವುದಿಲ್ಲ. ಆಮೇಲೆ ಹಾಲು ಕಡಿಮೆಯಾದ ತಪ್ಪನ್ನೆಲ್ಲ ತಾಯಿಯ ತಲೆಗೆ ಕಟ್ಟುತ್ತಾರೆ.

ಮೊದಲು ಆಸ್ಪತ್ರೆಯ ವಿಚಾರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 100ರಲ್ಲಿ ಸುಮಾರು 89 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆ ಸೇರಿದ ಮಕ್ಕಳು 100ಕ್ಕೆ 42 ಮಾತ್ರ. ಉಳಿದ ಮಕ್ಕಳು ಆ ಒಂದು ಗಂಟೆ ಎಲ್ಲಿದ್ದವು? ಗದ್ದೆಯಲ್ಲಿ ಅಲ್ಲ, ಅಡುಗೆಕೋಣೆಯಲ್ಲಿ ಅಲ್ಲ. ಬಹುಪಾಲು ಮಕ್ಕಳು ಡಾಕ್ಟರ್, ನರ್ಸ್ ಇದ್ದ ಕಟ್ಟಡದೊಳಗೇ ಇದ್ದವು. ಅಜ್ಜಿಯಂದಿರು ಬಜೆ ತೇಯ್ದು ನೆಕ್ಕಿಸುತ್ತಾರೆ, ಜೇನು ಹಚ್ಚುತ್ತಾರೆ ಅಂತ ಬೈಯುತ್ತೇವೆ. ಬೈಯಬೇಕಾದದ್ದೇ, ವರ್ಷ ತುಂಬದ ಮಗುವಿಗೆ ಜೇನು ಅಪಾಯ. ಆದರೆ ಈ ಲೆಕ್ಕದ ಹೊಣೆಯನ್ನು ಅಜ್ಜಿಯ ತಲೆಗೆ ಕಟ್ಟಲು ಬರುವುದಿಲ್ಲ.

ಅದೇ ಸಮೀಕ್ಷೆ ಹೇಳುವಂತೆ ಖಾಸಗಿ ಆಸ್ಪತ್ರೆಯ 100 ಹೆರಿಗೆಗಳಲ್ಲಿ 47 ಸಿಸೇರಿಯನ್. ಸಿಸೇರಿಯನ್ ಆದವರಿಗೆ ಹಾಲು ಇಳಿಯುವುದು ಒಂದೆರಡು ದಿನ ತಡವಾಗಬಹುದು. ಹಾಗಾದರೆ ಸಹಾಯ ಹೆಚ್ಚು ಬೇಕಾದದ್ದು ಅವರಿಗೇ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಶನ್ ಮಾಡಿದ ತಾಯಿಗೆ ಎಚ್ಚರ ಇರುತ್ತದೆ. ತಾಯಿ, ಮಗು ಇಬ್ಬರೂ ಆರೋಗ್ಯವಾಗಿದ್ದರೆ ಒಬ್ಬ ನರ್ಸ್ ಪಕ್ಕದಲ್ಲಿ ನಿಂತು ಮಗುವನ್ನು ಎದೆಗೆ ಹಚ್ಚಿಸಬಹುದು. ಅದಕ್ಕೆ ಅರ್ಧ ಗಂಟೆ ಬೇಕು. ಡಬ್ಬಿ ಬರೆಯಲು ಅರ್ಧ ನಿಮಿಷ ಸಾಕು. ನನಗೆ ಕಂಡಂತೆ ಇದು ಹಾಲಿನ ಕೊರತೆಗಿಂತ ಮೊದಲು ಆ ಅರ್ಧ ಗಂಟೆಯ ಕೊರತೆ.

ಎರಡನೇ ದಿನ ಹಾಲು "ಇಲ್ಲ" ಅನ್ನುವ ಮಾತನ್ನೂ ನೋಡುವ. ಹಸು ಕರು ಹಾಕಿದಾಗ ಮೊದಲು ಬರುವುದು ಗಿಣ್ಣು ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಹೆಂಗಸಿನ ವಿಷಯಕ್ಕೆ ಬಂದರೆ ಅದನ್ನು ಮರೆತುಬಿಡುತ್ತೇವೆ. ಮೊದಲ ಎರಡು ಮೂರು ದಿನ ಬರುವುದು ದಪ್ಪ ಹಳದಿ ಹಾಲು, ಅದೂ ಸ್ವಲ್ಪ ಸ್ವಲ್ಪವೇ. ಮೊದಲ 24 ಗಂಟೆಯಲ್ಲಿ ಮಗು ಒಂದು ಸಲಕ್ಕೆ ಕುಡಿಯುವುದು 2ರಿಂದ 10 ಮಿ.ಲೀ., ಅಂದರೆ ಹೆಚ್ಚೆಂದರೆ ಎರಡು ಟೀ ಚಮಚ. ಎರಡನೇ ದಿನ 5ರಿಂದ 15 ಮಿ.ಲೀ. ಅಷ್ಟೇ ಬೇಕಾದ ಮಗುವಿಗೆ ಬಾಟಲಿಯಲ್ಲಿ 60 ಮಿ.ಲೀ. ಹೋದರೆ ಅದು ನಾಲ್ಕು ಗಂಟೆ ಮಿಸುಕದೆ ಮಲಗುತ್ತದೆ. ಮನೆಯವರು "ಪಾಪ, ಹಸಿವೆ ಇತ್ತು, ಈಗ ಸಮಾ ಮಲಗಿತು" ಅನ್ನುತ್ತಾರೆ. ಆ ನಾಲ್ಕು ಗಂಟೆ ಎದೆಯನ್ನು ಯಾರೂ ಚೀಪಲಿಲ್ಲ. ಎದೆಗೆ ತಿಳಿಯುವುದು ಒಂದೇ ಭಾಷೆ, ಎಷ್ಟು ಖಾಲಿಯಾಯಿತೋ ಅಷ್ಟು ತುಂಬುವುದು. ಖಾಲಿಯಾಗದಿದ್ದರೆ ನಾಳೆ ಕಡಿಮೆ. ನಾಳೆ ಕಡಿಮೆಯಾದರೆ ಡಬ್ಬಿ ಜಾಸ್ತಿ. ಒಂದು ತಿಂಗಳು ಹೀಗೇ ನಡೆದರೆ "ನಂಗೆ ಹಾಲೇ ಬರಲಿಲ್ಲ" ಅನ್ನುವುದು ಆ ತಾಯಿಯ ಪಾಲಿಗೆ ನಿಜವೇ ಆಗಿಬಿಡುತ್ತದೆ.

ಹುಟ್ಟಿದ ಮಗುವಿನ ತೂಕ ಮೊದಲ ದಿನಗಳಲ್ಲಿ 100ಕ್ಕೆ 7ರಿಂದ 10ರಷ್ಟು ಇಳಿಯುವುದು ಸಹಜ. 3 ಕೆ.ಜಿ. ಹುಟ್ಟಿದ್ದು 2.8 ಆದರೆ ಗಾಬರಿ ಬೇಡ, 10ರಿಂದ 14 ದಿನದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು. ಇದನ್ನು ಹೇಳದೆ ಮನೆಗೆ ಕಳುಹಿಸಿದರೆ ಆ ಬಾಣಂತಿಗೆ ನೆರೆಮನೆಯ ಅಕ್ಕನ ಕಣ್ಣೇ ತಕ್ಕಡಿ.

ಡಾಕ್ಟರುಗಳು ಬಳಸುವ ಮಾತು "ಟಾಪ್ ಅಪ್". ಮೊಬೈಲಿಗೂ ನಾವು ಟಾಪ್ ಅಪ್ ಹಾಕುತ್ತೇವಲ್ಲ? ಹಾಕುವ ಮೊದಲು ಬ್ಯಾಲೆನ್ಸ್ ನೋಡುತ್ತೇವೆ, ಎಷ್ಟು ದಿನ ವ್ಯಾಲಿಡಿಟಿ ಅಂತ ಕೇಳುತ್ತೇವೆ. ಮಗುವಿನ ಟಾಪ್ ಅಪ್‌ಗೆ ಮಾತ್ರ ಎರಡೂ ಇಲ್ಲ.

ನನ್ನ ಮಗಳು ಹುಟ್ಟಿದ ಎರಡನೇ ರಾತ್ರಿ ನಮಗೂ ಒಂದು ಚೀಟಿ ಬಂತು. ಅದರಲ್ಲಿ ಇದ್ದದ್ದು ಡಬ್ಬಿಯ ಹೆಸರು ಒಂದೇ. ರಾತ್ರಿ ಪಾಳಿಯ ನರ್ಸ್ 20 ಮಿ.ಲೀ. ಕೊಡಿ ಅಂದರು, ಬೆಳಗಿನವರು 60 ಅಂದರು. ಮಗು ಎದೆ ಹಿಡಿಯುವುದು ಸರಿ ಉಂಟಾ ಅಂತ ಯಾರೂ ನೋಡಲಿಲ್ಲ. ಹದಿನಾಲ್ಕನೇ ದಿನ ಆಶಾ ಅಕ್ಕ ತಕ್ಕಡಿ ತಂದು ತೂಗಿದಾಗ ಮಗಳು ಇನ್ನೂ ಹುಟ್ಟಿದಾಗಿನ ತೂಕಕ್ಕೆ ಬಂದಿರಲಿಲ್ಲ. ಆಗ ಹೋದದ್ದು ಇನ್ನೊಬ್ಬ ಮಕ್ಕಳ ಡಾಕ್ಟರ್ ಹತ್ತಿರ. ಅವರು ಮೊದಲು ಮಾಡಿದ ಕೆಲಸ, ನನ್ನನ್ನು ಕೂರಿಸಿ ಹಾಲು ಕುಡಿಸಲು ಹೇಳಿ ಹತ್ತು ನಿಮಿಷ ಸುಮ್ಮನೆ ನೋಡಿದ್ದು. ಮಗು ತೊಟ್ಟಿನ ತುದಿಯನ್ನಷ್ಟೇ ಚೀಪುತ್ತಿತ್ತು, ಸುತ್ತಲಿನ ಕಪ್ಪು ಭಾಗ ಬಾಯೊಳಗೆ ಹೋಗುತ್ತಿರಲಿಲ್ಲ. ಅದನ್ನು ಸರಿ ಮಾಡಿಸಿದರು. ಆಮೇಲೆ ಅವರೂ ಡಬ್ಬಿಯನ್ನೇ ಬರೆದರು! ಆದರೆ ಹೇಗೆ ಬರೆದರು ಅನ್ನುವುದು ಮುಖ್ಯ. ಪ್ರತಿ ಸಲ ಮೊದಲು ಎರಡೂ ಎದೆ, ಆಮೇಲೆ ಇಷ್ಟು ಮಿ.ಲೀ., ಬಾಟಲಿ ಬೇಡ ಒಳಲೆಯಲ್ಲಿ ಕೊಡಿ, ಕೊಟ್ಟಾದ ಮೇಲೆ ಕೈಯಲ್ಲಿ ಹಾಲು ಹಿಂಡಿ ತೆಗೆಯಿರಿ, ರಾತ್ರಿ ಎದೆಹಾಲು ತಪ್ಪಿಸಬೇಡಿ, ವಾರಕ್ಕೊಮ್ಮೆ ತೂಕ. ತೂಕ ದಿನಕ್ಕೆ 25ರಿಂದ 30 ಗ್ರಾಂ ಏರುತ್ತಿದ್ದರೆ ಡಬ್ಬಿ ಇಳಿಸುತ್ತಾ ಬನ್ನಿ. ಏಳು ವಾರದಲ್ಲಿ ರಾತ್ರಿಯ ಒಂದೇ ಸಲಕ್ಕೆ ಇಳಿಯಿತು. ಎರಡೂ ಚೀಟಿಯಲ್ಲಿ ಇದ್ದದ್ದು ಪುಡಿ ಹಾಲೇ. ಒಂದು ವ್ಯಾಪಾರ, ಇನ್ನೊಂದು ವೈದ್ಯ.

ಅದಕ್ಕೇ ಕುಂಭಾಶಿ, ಕುಂದಾಪುರ, ಬೈಂದೂರು, ಬ್ರಹ್ಮಾವರದ ಎಲ್ಲ ಆಸ್ಪತ್ರೆಯವರಿಗೆ ನನ್ನ ಒತ್ತಾಯ ಇಷ್ಟೇ. ಪುಡಿ ಹಾಲು ಬರೆಯುವುದಾದರೆ ಮಾತ್ರೆ ಬರೆದಂತೆ ಬರೆಯಿರಿ. ಕಾರಣ, ಅಳತೆ, ಗಡುವು. ಜ್ವರದ ಮಾತ್ರೆಗೆ "ದಿನಕ್ಕೆ ಮೂರು, ಐದು ದಿನ" ಅಂತ ಬರೆಯುವ ಕೈಗೆ ಇದು ಭಾರವೇ?

ಕಾರಣಗಳು ಇದ್ದೇ ಇವೆ. ತಿಂಗಳು ತುಂಬುವ ಮೊದಲು ಹುಟ್ಟಿದ ಮಗು, ಅವಳಿ, ತೂಕ ತೀರಾ ಕಡಿಮೆಯಾದ ಮಗು, ರಕ್ತದಲ್ಲಿ ಸಕ್ಕರೆ ಇಳಿದ ಮಗು, ಸರಿಯಾಗಿ ಕುಡಿಯದೆ ಕಾಮಾಲೆ ಏರುತ್ತಿರುವ ಮಗು. ತಾಯಿಗೆ ವಿಪರೀತ ರಕ್ತಸ್ರಾವವಾಗಿರಬಹುದು, ಎದೆಯ ಆಪರೇಶನ್ ಆಗಿರಬಹುದು, ಕೆಲವರಿಗೆ ಎಷ್ಟು ಪ್ರಯತ್ನಪಟ್ಟರೂ ಪೂರ್ತಿ ಹಾಲು ಬರುವುದಿಲ್ಲ. ಅಂಥ ಕಡೆ ಡಬ್ಬಿ ಜೀವ ಉಳಿಸುತ್ತದೆ. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ 2022ರಲ್ಲಿ ತಾಯಿ ಹಾಲಿನ ಬ್ಯಾಂಕ್ ಶುರುವಾಗಿದೆ. ಬೇರೆ ತಾಯಂದಿರು ದಾನ ಕೊಟ್ಟ ಹಾಲನ್ನು ಶುದ್ಧ ಮಾಡಿ ಐಸಿಯುನಲ್ಲಿರುವ ಪುಟ್ಟ ಕೂಸುಗಳಿಗೆ ಕೊಡುವ ವ್ಯವಸ್ಥೆ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಇದು 1989ರಲ್ಲೇ ಬಂದಿತ್ತು. ಒಳ್ಳೆಯ ಕೆಲಸ, ಆದರೆ ಕುಂಭಾಶಿಯ ಮನೆಯಲ್ಲಿ ಮಲಗಿದ ಮಗುವಿಗೆ ಅದು ಎಟುಕುವುದಿಲ್ಲ. ಇಲ್ಲಿ ಕೊರತೆ ಬಿದ್ದರೆ ಡಬ್ಬಿಯೇ ಗತಿ.

ಗತಿ ಅನ್ನುವಾಗ ದುಡ್ಡಿನ ಲೆಕ್ಕವೂ ಆಗಲಿ, ಇದನ್ನು ಯಾವ ಡಾಕ್ಟರೂ ಹೇಳುವುದಿಲ್ಲ. 5 ಕೆ.ಜಿ. ತೂಕದ ಮಗುವಿಗೆ ದಿನಕ್ಕೆ ಸುಮಾರು 750 ಮಿ.ಲೀ. ಹಾಲು ಬೇಕು. ನಮ್ಮಲ್ಲಿ ಸಿಗುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ 30 ಮಿ.ಲೀ. ನೀರಿಗೆ ಒಂದು ಅಳತೆ ಚಮಚ ಪುಡಿ. ದಿನಕ್ಕೆ 25 ಚಮಚ, ಹೆಚ್ಚುಕಮ್ಮಿ 110 ಗ್ರಾಂ. 400 ಗ್ರಾಂ ಡಬ್ಬಿ ನಾಲ್ಕು ದಿನವೂ ಬರುವುದಿಲ್ಲ. ತಿಂಗಳಿಗೆ ಎಂಟು ಡಬ್ಬಿ. ಡಬ್ಬಿಗೆ ನಾನೂರು ಅಂತ ಇಟ್ಟುಕೊಂಡರೂ 3,200 ರೂಪಾಯಿ, ಅರ್ಧ ಎದೆಹಾಲು ಅರ್ಧ ಡಬ್ಬಿ ಆದರೆ 1,600. ಮೊದಲ ಹೆರಿಗೆಗೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಒಟ್ಟು ಸಿಗುವುದು 5,000. ಎರಡು ತಿಂಗಳ ಡಬ್ಬಿಗೂ ಅದು ಸಾಲದು.

ದುಡ್ಡು ಮುಗಿದಾಗ ಏನಾಗುತ್ತದೆ? ತಿಂಗಳ ಕೊನೆಗೆ 60 ಮಿ.ಲೀ. ನೀರಿಗೆ ಒಂದೇ ಚಮಚ ಬೀಳುತ್ತದೆ. ಮಗುವಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಅಥವಾ ದನದ ಹಾಲಿಗೆ ನೀರು ಬೆರೆಸಿ ಸಕ್ಕರೆ ಹಾಕಿ ಕೊಡುತ್ತಾರೆ. ವರ್ಷದೊಳಗಿನ ಮಗುವಿಗೆ ಎದೆಹಾಲಿನ ಬದಲು ದನದ ಹಾಲು ಆಗದು. ಅದರಲ್ಲಿ ಕಬ್ಬಿಣದ ಅಂಶ ಕಡಿಮೆ, ಎಳೆ ಮೂತ್ರಪಿಂಡಕ್ಕೆ ಹೊರೆ. ಇದನ್ನು ಮಾಡುವ ತಾಯಿ ಕೆಟ್ಟವಳಲ್ಲ. ಅವಳನ್ನು ಡಬ್ಬಿಗೆ ಹಚ್ಚಿದವರು ಬಿಲ್ ತಗೊಂಡು ದಾರಿ ಹಿಡಿದಿರುತ್ತಾರೆ, ಅಷ್ಟೇ.

ನೀರಿನ ಕತೆಯೂ ಉಂಟು. ಪುಡಿ ಕ್ರಿಮಿಮುಕ್ತವಲ್ಲ. ಮುಚ್ಚಿದ ಹೊಸ ಡಬ್ಬಿಯಲ್ಲೂ ರೋಗಾಣು ಇರಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ನೀರು ಕುದಿಸಿ, ಅರ್ಧ ಗಂಟೆ ಮೀರದಂತೆ ಆರಿಸಿ, ಅದು ಇನ್ನೂ 70 ಡಿಗ್ರಿಗಿಂತ ಬಿಸಿ ಇರುವಾಗಲೇ ಪುಡಿ ಹಾಕಿ ಕಲಸಿ, ಆಮೇಲೆ ತಣಿಸಿ ಕುಡಿಸಿ. ಕುದಿಸಿ ಆರಿಸಿ ಫ್ಲಾಸ್ಕಿನಲ್ಲಿಟ್ಟ ಉಗುರುಬೆಚ್ಚಗಿನ ನೀರಿಗೆ ಪುಡಿ ಹಾಕಿದರೆ ಆ ರೋಗಾಣು ಸಾಯುವುದಿಲ್ಲ. ಕಲಸಿದ್ದು ಎರಡು ಗಂಟೆ ಮೀರಿದರೆ ಚೆಲ್ಲಬೇಕು. ಆಸಾಡಿ ಮಳೆಗೆ ಬಾವಿ ಕಲಕಿ ಕೆಂಪಾಗಿರುವಾಗ, ಕರೆಂಟ್ ಹೋಗಿರುವಾಗ, ರಾತ್ರಿ ಎರಡು ಗಂಟೆಗೆ ಎದ್ದು ಬಾಟಲಿ ತೊಳೆದು ಕುದಿಸಿ ಇದನ್ನೆಲ್ಲ ಮಾಡಬೇಕು. ಎಷ್ಟು ಆಸ್ಪತ್ರೆಗಳಲ್ಲಿ ಇದನ್ನು ಒಂದು ಸಲವಾದರೂ ಮಾಡಿ ತೋರಿಸಿ ಕಳುಹಿಸುತ್ತಾರೆ?

ಇನ್ನು ಕಾನೂನು. ಪುಡಿ ಹಾಲಿನ ಮಾರಾಟಕ್ಕೆ ಕಡಿವಾಣ ಹಾಕಲು ಜಗತ್ತಿನ ದೇಶಗಳು 1981ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕೂತು ಒಂದು ಸಂಹಿತೆ ಒಪ್ಪಿಕೊಂಡವು. ವಿರುದ್ಧ ಮತ ಹಾಕಿದ್ದು ಅಮೆರಿಕ ಮಾತ್ರ. ನಮ್ಮ ದೇಶ 1992ರಲ್ಲಿ ಶಿಶು ಹಾಲಿನ ಬದಲಿಗಳ ಕಾಯ್ದೆ ತಂದಿತು, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಎರಡು ವರ್ಷದೊಳಗಿನ ಮಕ್ಕಳ ಪುಡಿ ಹಾಲಿಗೆ ಜಾಹೀರಾತು ಇಲ್ಲ. ಫ್ರೀ ಸ್ಯಾಂಪಲ್ ಇಲ್ಲ. ಡಬ್ಬಿಯ ಮೇಲೆ ಮಗುವಿನ ಚಿತ್ರ, ತಾಯಿಯ ಚಿತ್ರ ಇರಕೂಡದು. ಕಂಪನಿಯವರು ಡಾಕ್ಟರಿಗೆ, ನರ್ಸಿಗೆ ಉಡುಗೊರೆ, ಕಮಿಷನ್, ಸಮ್ಮೇಳನದ ಖರ್ಚು ಕೊಡಕೂಡದು. ಟಿವಿಯಲ್ಲಿ ಸೋಪಿನ, ಪೌಡರಿನ, ಡಯಾಪರಿನ ಜಾಹೀರಾತಲ್ಲಿ ಗುಂಡು ಗುಂಡು ಮಕ್ಕಳು ನಗುತ್ತಾರೆ, ಪುಡಿ ಹಾಲಿನದ್ದು ಮಾತ್ರ ಕಾಣುವುದಿಲ್ಲ ಅಂತ ನೀವು ಗಮನಿಸಿದ್ದೀರಾ? ಕಾರಣ ಈ ಕಾಯ್ದೆ. ಗಟ್ಟಿ ಕಾಯ್ದೆಯೇ. ಆದರೆ ಮೀರಿದರೆ ಮೂರು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಐದು ಸಾವಿರ! ನಾನೂರರ ಲೆಕ್ಕದಲ್ಲಿ ಹನ್ನೆರಡು ಡಬ್ಬಿಯ ದುಡ್ಡು. ಮತ್ತೆ, ಜಾಹೀರಾತು ನಿಂತರೂ ಚೀಟಿ ನಿಲ್ಲಲಿಲ್ಲ. ಬಿಳಿ ಕೋಟಿನವರು ಬರೆದುಕೊಟ್ಟ ಹೆಸರಿಗಿಂತ ದೊಡ್ಡ ಜಾಹೀರಾತು ಹಳ್ಳಿಯಲ್ಲಿ ಯಾವುದಿದೆ?

ಈಗ ಇನ್ನೊಂದು ಕಡೆಯವರ ಜೊತೆ ಜಗಳ. "ತಾಯಿ ಹಾಲೇ ಅಮೃತ" ಅಂತ ಪೋಸ್ಟರ್ ಅಂಟಿಸಿ ಕೈ ತೊಳೆದುಕೊಳ್ಳುವವರು. ಅಮೃತ ಅಂದಾಕ್ಷಣ ಉಳಿದದ್ದೆಲ್ಲ ವಿಷ ಅಂತಾಗುತ್ತದೆ. ಡಬ್ಬಿ ಕೊಡುವ ತಾಯಿ ನೆಂಟರು ಬಂದಾಗ ಅದನ್ನು ಅಕ್ಕಿ ಡ್ರಮ್ಮಿನ ಹಿಂದೆ ಅಡಗಿಸಿಡುವುದನ್ನು ನಾನು ಕಂಡಿದ್ದೇನೆ. ಅಡಗಿಸಿದ್ದನ್ನು ಆಶಾ ಅಕ್ಕನಿಗೂ ಹೇಳುವುದಿಲ್ಲ. ಹೇಳದಿದ್ದರೆ ಅಳತೆ ಸರಿ ಉಂಟಾ, ನೀರು ಸರಿ ಉಂಟಾ ಅಂತ ನೋಡುವವರಿಲ್ಲ. ಒಂದು ಹನಿ ಡಬ್ಬಿ ಬಿದ್ದ ಕೂಡಲೇ ಎದೆಹಾಲು ಕೆಟ್ಟುಹೋಗುವುದಿಲ್ಲ. ಅರ್ಧ ಎದೆಹಾಲು ಕುಡಿದ ಮಗುವಿಗೆ ಆ ಅರ್ಧದ ಲಾಭ ಸಿಕ್ಕೇ ಸಿಗುತ್ತದೆ. "ಹೇಗೂ ಡಬ್ಬಿ ಶುರುವಾಯಿತು, ಇನ್ನು ಎದೆ ಯಾಕೆ" ಅಂತ ಬಿಡಿಸುವವರೂ, "ಡಬ್ಬಿ ಕೊಟ್ಟಳಂತೆ" ಅಂತ ಬಾಯಿ ತಿರುವುವವರೂ ಕೊನೆಗೆ ಮಾಡುವುದು ಒಂದೇ ಕೆಲಸ. ಆ ಅರ್ಧವನ್ನೂ ಕಸಿಯುವುದು.

ತಾಟೆ ಮೀನಿನ ಸಾರು, ಮೆಂತೆ ಗಂಜಿ, ಬೆಳ್ಳುಳ್ಳಿ ಎಲ್ಲ ತಿನ್ನಿಸಿ, ಬೇಡ ಅನ್ನುವುದಿಲ್ಲ. ಬಾಣಂತಿಗೆ ಬಿಸಿ ಊಟ ಸಿಕ್ಕಿದ್ದೇ ಪುಣ್ಯ. ಆದರೆ ಹಾಲು ಮಾಡುವುದು ಮೀನಲ್ಲ, ಮಗುವಿನ ಬಾಯಿ. ಬಾಯಾರಿದ ಬಾಣಂತಿಗೆ "ಥಂಡಿ ಆತ್ತ್" ಅಂತ ನೀರು ತಡೆಯುವ ಪದ್ಧತಿಯನ್ನಂತೂ ದಯವಿಟ್ಟು ನಿಲ್ಲಿಸಿ.

ಆರು ತಿಂಗಳವರೆಗೆ ಎದೆಹಾಲು ಮಾತ್ರ ಅನ್ನುವುದು ಸರ್ಕಾರದ ಘೋಷಣೆ. ಆರನೇ ತಿಂಗಳಿಗೆ ಅನ್ನಪ್ರಾಶನ ಮಾಡುವ ನಮ್ಮ ಹಿರಿಯರ ಲೆಕ್ಕವೂ ಅದೇ. ಸರಿ, ಆರು ತಿಂಗಳು ತಾಯಿ ಮನೆಯಲ್ಲಿರಬೇಕಲ್ಲ? 2017ರ ತಿದ್ದುಪಡಿಯ ನಂತರ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗೆಲ್ಲ ಅನ್ವಯ. ಗೇರುಬೀಜ ಕಾರ್ಖಾನೆಯೂ ಅದರೊಳಗೇ. ರಜೆ ಮುಗಿಸಿ ಬಂದವಳಿಗೆ ಮಗು 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕೊಡಬೇಕು. 50 ಜನ ಇದ್ದ ಕಡೆ ಶಿಶುಪಾಲನಾ ಕೋಣೆ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಲು ಬಿಡಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆಲ್ಲ ಇವೆ. ಇದು ಕೇಳಿ ಪಡೆಯುವ ಉಪಕಾರ ಅಲ್ಲ, ಹಕ್ಕು. ಬುಟ್ಟಿ ಹೊತ್ತು ಮೀನು ಮಾರುವವಳಿಗೆ, ಬಟ್ಟೆ ಅಂಗಡಿಯಲ್ಲಿ ಮೂರೇ ಜನರಲ್ಲಿ ಒಬ್ಬಳಾಗಿ ನಿಲ್ಲುವವಳಿಗೆ ಅದೂ ಇಲ್ಲ. ಸುದ್ದಿಗೆ ಇಷ್ಟು ಅಂತ ಎಣಿಸಿ ಕೊಡುವ ನನ್ನಂಥ ಬಿಡಿ ವರದಿಗಾರ್ತಿಗೂ ಇಲ್ಲ ಬಿಡಿ. ಮಗಳಿಗೆ ಮೂರು ತಿಂಗಳಾಗುವಾಗ ನಾನು ಮತ್ತೆ ಸ್ಕೂಟರ್ ಹತ್ತಿದೆ. ಹಿಂಡಿಟ್ಟ ಹಾಲು ಇದ್ದಷ್ಟು ಅದು, ಮುಗಿದರೆ ಡಬ್ಬಿ ಒಂದು ಸಲ, ಸಂಜೆಯಿಂದ ಬೆಳಗಿನವರೆಗೆ ಎದೆ. ಹಿಂಡಿದ ಹಾಲು ನಮ್ಮ ಸೆಕೆಗೆ ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಇಡಬಹುದು. ಹೀಗೆ ಎರಡನ್ನೂ ಸೇರಿಸಿ ಸಾಕಿದ ತಾಯಂದಿರ ಮುಂದೆ ನಿಂತು ಯಾರೂ ಅಮೃತದ ಭಾಷಣ ಬಿಗಿಯಬಾರದು.

ಅಕ್ಕಂದಿರೇ, ಬಾಣಂತಿ ನೋಡಲು ಹೋದರೆ "ಹಾಲ್ ಸಾಕಾತ್ತಾ" ಬಿಡಿ. ಐದು ದಿನ ದಾಟಿದ ಮಗು ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ಯುತ್ತದಾ, ಆಶಾ ಅಕ್ಕ ತೂಗಿದಾಗ ಎಷ್ಟು ಬಂತು, ಇವೆರಡು ಕೇಳಿ. ಆಸ್ಪತ್ರೆ ಹೆರಿಗೆಯಾದರೆ ಆಶಾ 3, 7, 14, 21, 28, 42ನೇ ದಿನ ಮನೆಗೆ ಬರಬೇಕು, ಬರದಿದ್ದರೆ ಫೋನ್ ಮಾಡಿ ಕರೆಯಿರಿ. ಉಚ್ಚೆ ಕಡಿಮೆ, ತೂಕ ಏರುತ್ತಿಲ್ಲ, ಮಗು ಎಚ್ಚರವಾಗದೆ ಮಂಪರಿನಲ್ಲೇ ಇದೆ, ಮೈ ಹಳದಿ ಏರುತ್ತಿದೆ ಅಂದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಆಗ ಡಬ್ಬಿ ಬರೆದರೆ ಸಂಕೋಚ ಇಲ್ಲದೆ ಕೊಡಿ, ಎಷ್ಟು ಮತ್ತು ಎಲ್ಲಿಯವರೆಗೆ ಅಂತ ಬರೆಸಿಕೊಂಡು ಬನ್ನಿ. ಮಗು ಸಪೂರ ಕಂಡರೆ ಅಪ್ಪನೂ ಸಪೂರ ಇದ್ದಾನಾ ಅಂತ ಒಮ್ಮೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ. ದೀಪ ಹಚ್ಚುವ ಫೋಟೊ, ಹಣ್ಣು ಹಂಚುವ ಫೋಟೊ, ಗಣ್ಯರ ಹೆಸರು, ಮೂರು ಕಾಲಂ. ಎಷ್ಟೋ ವರ್ಷ ನಾನೇ ಕಳುಹಿಸಿದ್ದೇನೆ. ಈ ಸಲ ಕರೆದರೆ ವೇದಿಕೆ ಮೇಲಿನವರಿಗೆ ಎರಡು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಕಳೆದ ತಿಂಗಳು ನಿಮ್ಮಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟು ಮಕ್ಕಳು ಡಬ್ಬಿಯ ಚೀಟಿ ಹಿಡಿದು ಮನೆಗೆ ಹೋದವು? ಅದರಲ್ಲಿ ಎಷ್ಟು ಚೀಟಿಯಲ್ಲಿ ಕಾರಣ ಬರೆದಿತ್ತು?